ಛತ್ರಿ ಕಡ್ಡಿಯ ವಾದ್ಯ, ರಾಗಿಯ ಗಡಿಗೆ

ತುಮಕೂರಿನ ಓದುಗರೊಬ್ಬರು ಬರೆದಿದ್ದಾರೆ: “ಕಳೆದ ಸಂಚಿಕೆಯಲ್ಲಿ ಉಗಾಂಡಾದ ಕುಡಿತದ ಕೂಟಗಳ ವಾದ್ಯಮೇಳದ ಲೇಖನ ಓದಿದೆ. ಛತ್ರಿ ಕಡ್ಡಿ, ಸೈಕಲ್ ಕಡ್ಡಿ ಜೋಡಿಸಿದ ಪೆಟ್ಟಿಗೆ ಸಾಂಪ್ರದಾಯಿಕ ವಾದ್ಯ ಹೇಗಾದೀತು? ಮನೆ ಹಾಳು ಮಾಡುವ ಕುಡಿತದ ಗದ್ದಲಕ್ಕೆ ಎರಡು ಪುಟ ಬೇಕಿತ್ತೆ?”

ಸಂಪಾದಕರ ಉತ್ತರ:

ಸ್ವಾಮಿ, ಮೊದಲು ಕಡ್ಡಿಯ ವಿಚಾರ. ಪೂರ್ವ ಉಗಾಂಡಾದ ತೇಸೊ ಜನರ ಅಕೊಗೊ ಅಂದರೆ ಒಂದು ಮರದ ಪೆಟ್ಟಿಗೆ, ಮೇಲೆ ಬಡಿದು ಚಪ್ಪಟೆ ಮಾಡಿದ ಲೋಹದ ಕಡ್ಡಿಗಳ ಸಾಲು. ಎರಡೂ ಹೆಬ್ಬೆರಳಲ್ಲಿ ಮೀಟುತ್ತಾರೆ. ಉದ್ದದ ಕಡ್ಡಿಗೆ ಮಂದ್ರ, ಗಿಡ್ಡದಕ್ಕೆ ತಾರ. ಶ್ರುತಿ ತಪ್ಪಿದರೆ ಕಡ್ಡಿಯನ್ನು ಒಂದಿಷ್ಟು ಹಿಂದೆ ಮುಂದೆ ಸರಿಸಿದರಾಯಿತು. ಇದೇ ಜಾತಿಯ ವಾದ್ಯ ಉತ್ತರ ಉಗಾಂಡಾಕ್ಕೆ ಬಂದದ್ದೇ 1910ರ ದಶಕದಲ್ಲಿ, ಆಲೂರ್ ಜನಾಂಗದ ಹೊರೆಯಾಳುಗಳ ಕೈಯಲ್ಲಿ. ನೂರು ವರ್ಷ ಸಾಲದು ಅಂದರೆ, ನಮ್ಮ ಪಿಟೀಲನ್ನು ಏನು ಮಾಡೋಣ? ಅದು ಕಚೇರಿ ಹತ್ತಿ ಇನ್ನೂರು ಚಿಲ್ಲರೆ ವರ್ಷವಷ್ಟೇ!

ಇನ್ನು ಕೂಟದ ನಡುವೆ ಇಡುವ ಹೆಂಡದ ಗಡಿಗೆ. ಅದರಲ್ಲಿರುವುದು ತಾವು ದಿನಾ ಮುದ್ದೆ ಮಾಡಿ ಉಣ್ಣುವ ರಾಗಿಯೇ. ನಮಗೆ ಅದು ಬಂದದ್ದೂ ಪೂರ್ವ ಆಫ್ರಿಕಾದ ಎತ್ತರದ ನೆಲದಿಂದ. ಹಿಟ್ಟು ಕಲಸಿ ಹುಳಿಬರಿಸಿ, ಹುರಿದು, ಒಣಗಿಸಿ, ಮೊಳಕೆ ರಾಗಿಯ ಪುಡಿ ಸೇರಿಸಿ ಮತ್ತೆ ಹುಳಿಯಲು ಬಿಡುತ್ತಾರೆ. ಕೂಟದ ಹೊತ್ತಿಗೆ ಆ ಗಸಿಯ ಮೇಲೆ ಬಿಸಿನೀರು ಹೊಯ್ಯುತ್ತಾರೆ. ಹೆಸರು ಅಜೊನೊ. ಗಡಿಗೆ ಒಂದೇ, ಸುತ್ತ ಕೂತವರಿಗೆಲ್ಲ ಒಂದೊಂದು ಉದ್ದನೆಯ ಕೊಳವೆ. ತುದಿಗೆ ಗಸಿ ತಡೆಯುವ ಜರಡಿ. ನೀರು ತಗ್ಗಿದಂತೆ ಮತ್ತೆ ಹೊಯ್ಯುವುದು, ರುಚಿ ತೆಳುವಾಗುತ್ತ ಹೋಗುವುದು, ಮಾತು ಮಾತ್ರ ಬೆಳೆಯುವುದು. ಹಾಗಾಗಿ ಅಲ್ಲಿ ಗಂಟಲು ಹರಿಯುವ ವಾದ್ಯಕ್ಕೆ ಕೆಲಸವಿಲ್ಲ. ಅಕೊಗೊ ಮೆಲ್ಲನೆಯದು, ಹತ್ತಿರ ಕೂತವರಿಗೆಂದೇ ಇರುವಂಥದ್ದು. ಚಿಕ್ಕದು, ದೊಡ್ಡದು ಎಂದು ಹಲವು ಅಳತೆಯ ಪೆಟ್ಟಿಗೆಗಳು ಸೇರಿದಾಗ ಮೇಳ. ಇದನ್ನು ಗದ್ದಲ ಅನ್ನಲು ನನಗಂತೂ ಬಾಯಿ ಬರುವುದಿಲ್ಲ.

ಕುಡಿತ ಮನೆ ಹಾಳು ಮಾಡುತ್ತದೆ ಎಂಬ ತಮ್ಮ ಕಳಕಳಿಗೆ ತಕರಾರಿಲ್ಲ. ಆದರೆ ಆ ಎರಡು ಪುಟ ಹೆಂಡಕ್ಕೆ ಕೊಟ್ಟದ್ದಲ್ಲ, ಗಡಿಗೆಯ ಪಕ್ಕದ ಪೆಟ್ಟಿಗೆಗೆ ಕೊಟ್ಟದ್ದು.

ತಾವು ಹಿಡಿಯದೆ ಬಿಟ್ಟ ನಿಜವಾದ ತಪ್ಪು ಬೇರೆಯಿದೆ. ಚಿತ್ರದ ಕೆಳಗೆ “ಕಹಳೆ ಊದುತ್ತಿರುವ ಹಿರಿಯರು” ಎಂದು ಅಚ್ಚಾಗಿದೆ. ಅವರು ಊದುತ್ತಿಲ್ಲ, ಹೀರುತ್ತಿದ್ದಾರೆ.