ತವರಿನ ಮಣ್ಣು ಕೆಂಪು, ಇಲ್ಲಿಯದು ಯಾಕೆ ಕಪ್ಪು?

ಓದುಗರು ಕೇಳುತ್ತಾರೆ, ಮಣ್ಣು ಪರೀಕ್ಷೆ ಮಾಡುತ್ತಲೇ ತಲೆ ನರೆತ ಕಲಬುರಗಿಯ ಒಬ್ಬ ನಿವೃತ್ತ ನೌಕರ ಉತ್ತರಿಸುತ್ತಾನೆ.

ಪ್ರಶ್ನೆ: ನನ್ನ ತವರು ಬೀದರ್. ಅಲ್ಲಿ ಮನೆ ಸುತ್ತ ಕೆಂಪು ಮಣ್ಣು. ಮದುವೆಯಾಗಿ ಆಳಂದದ ಕಡೆ ಬಂದೆ. ಇಲ್ಲಿ ಮಳೆ ಬಂದರೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕು, ಅಂಥ ಎರೆಮಣ್ಣು. ಎರಡೂ ಊರಲ್ಲಿ ಆಳಕ್ಕೆ ತೋಡಿದರೆ ಸಿಗುವುದು ಕರಿಕಲ್ಲೇ ಅಂತ ಮಾವ ಹೇಳುತ್ತಾರೆ. ಕಲ್ಲು ಒಂದೇ ಆದರೆ ಮಣ್ಣು ಯಾಕೆ ಬೇರೆ?
– ಗೃಹಿಣಿ, ಆಳಂದ ತಾಲ್ಲೂಕು

ಉತ್ತರ: ನಿಮ್ಮ ಮಾವ ಹೇಳಿದ್ದು ಸರಿ, ತಂಗಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ನೆಲ ಬಿರಿದು ಲಾವಾ ಹರಿಯಿತು. ಒಂದರ ಮೇಲೊಂದು ಪದರ ಕೂತು ಆರಿತು. ಅದೇ ಕರಿಕಲ್ಲು, ಪುಸ್ತಕದವರ ಬಸಾಲ್ಟ್. ಆಳಂದದಲ್ಲೂ ಅದೇ, ಬೀದರ್‌ನಲ್ಲೂ ಅದೇ.

ಈ ಕಲ್ಲು ಮಣ್ಣಾಗುವುದನ್ನು ನಾನು ಸರಿಯಾಗಿ ನೋಡಿದ್ದು ನಿಮ್ಮ ತಾಲ್ಲೂಕಿನ ಒಂದು ಬಾವಿಯಲ್ಲಿ. ಇನ್ನೂ ತೋಡುತ್ತಿದ್ದರು, ಹಗ್ಗ ಹಿಡಿದು ಇಳಿದೆ. ಮೇಲೆ ನಾಲ್ಕು ಅಡಿ ಕಪ್ಪು ಮಣ್ಣು. ಅದರ ಬುಡದಲ್ಲಿ ಕಡಲೆಕಾಳಿನಷ್ಟು ಬಿಳಿ ಸುಣ್ಣದ ಹರಳು. ಅದಕ್ಕೂ ಕೆಳಗೆ ಹಳದಿ ಮುರುಮು, ಅಂದರೆ ಅರೆಬರೆ ಪುಡಿಯಾದ ಕಲ್ಲು. ಅದರೊಳಗೆ ದುಂಡನೆಯ ಕಲ್ಲುಗಳು. ಒಂದನ್ನು ಉಗುರಿನಿಂದ ಕೆರೆದೆ, ಸಿಪ್ಪೆ ಎದ್ದು ಬಂತು. ಇನ್ನೊಂದು ಸಿಪ್ಪೆ, ಮತ್ತೊಂದು. ಕೊನೆಗೆ ಮುಷ್ಟಿಯಷ್ಟು ಗಟ್ಟಿ ಕರಿಕಲ್ಲು ಉಳಿಯಿತು. ಮೇಲಿನಿಂದ ಒಬ್ಬರು ಕೂಗಿದರು, "ಸಾಹೇಬ್ರ, ಉಳ್ಳಾಗಡ್ಡಿ ಸುಲೀಲಿಕ್ಕ ಇಳಿದೀರೇನ್ರಿ?"

ನಿಜಕ್ಕೂ ಉಳ್ಳಾಗಡ್ಡಿಯೇ. ಮಳೆನೀರು ಗಾಳಿಯಿಂದಲೂ ಬೇರುಗಳ ಉಸಿರಿನಿಂದಲೂ ಇಂಗಾಲದ ಡೈಆಕ್ಸೈಡ್ ಹೀರಿ ಸ್ವಲ್ಪ ಹುಳಿಯಾಗಿರುತ್ತದೆ. ಕಲ್ಲಿನ ಸಂದಿಗೆ ಇಳಿದು ಸುತ್ತಲಿಂದ ತಿನ್ನುತ್ತದೆ. ಕಲ್ಲಿನೊಳಗಿನ ಸುಣ್ಣ, ಮೆಗ್ನೀಷಿಯಂ, ಸಿಲಿಕಾ ಕರಗಿ ಹೊರಗೆ ಬರುತ್ತವೆ. ಕರಗಿದ್ದು ಅಲ್ಲೇ ಉಳಿಯಿತೋ, ಹರಿದುಹೋಯಿತೋ? ನಿಮ್ಮ ಪ್ರಶ್ನೆಯ ಉತ್ತರ ಇರುವುದು ಇದರಲ್ಲಿ.

ಆಳಂದದ ಕಡೆ ನೆಲ ಸಪಾಟು. ನಾಲ್ಕು ತಿಂಗಳು ಮಳೆ, ಆಮೇಲೆ ಬರೀ ಬಿಸಿಲು. ಎಲ್ಲವನ್ನೂ ತೊಳೆದು ಒಯ್ಯುವಷ್ಟು ನೀರು ಇಳಿಯುವುದಿಲ್ಲ. ಉಳಿದದ್ದೆಲ್ಲ ಸೇರಿ ಸ್ಮೆಕ್ಟೈಟ್ ಅನ್ನುವ ಜಿಗುಟು ಆಗುತ್ತದೆ. ನಿಮ್ಮ ಚಪ್ಪಲಿ ಹಿಡಿದುಕೊಳ್ಳುವುದು ಅದೇ. ಹೆಚ್ಚಾದ ಸುಣ್ಣ ಹರಳಾಗಿ ಬುಡದಲ್ಲಿ ಕೂರುತ್ತದೆ.

ಬೀದರ್ ಊರು ಇರುವುದು ಎತ್ತರದ ದಿನ್ನೆಯ ಮೇಲೆ. ಬಹಳ ಹಿಂದೆ, ಮಳೆ ಈಗಿನದಕ್ಕಿಂತ ಜಾಸ್ತಿ ಇದ್ದ ಕಾಲದಲ್ಲಿ, ಲಕ್ಷಾಂತರ ವರ್ಷ ನೀರು ಆ ಕಲ್ಲನ್ನು ತೊಳೆಯಿತು. ಸುಣ್ಣ ಹೋಯಿತು, ಸಿಲಿಕಾನೂ ಬಹುಪಾಲು ಹೋಯಿತು. ಕರಗದೆ ಉಳಿದದ್ದು ಕಬ್ಬಿಣ, ಅಲ್ಯೂಮಿನಿಯಂ. ಕಬ್ಬಿಣಕ್ಕೆ ತುಕ್ಕು ಹಿಡಿದರೆ ಯಾವ ಬಣ್ಣ ಅಂತ ನಿಮಗೆ ಗೊತ್ತೇ ಇದೆ. ತವರಿಗೆ ಹೋದಾಗ ಕೋಟೆ ಗೋಡೆಯನ್ನು ಹತ್ತಿರದಿಂದ ನೋಡಿ. ತೂತು ತೂತಿನ ಕೆಂಪು ಕಲ್ಲು. ಕರಾವಳಿಯವರು ಮುರಕಲ್ಲು ಅನ್ನುವುದು ಇದನ್ನೇ. ನೌಬಾದ್‌ನ ಸುರಂಗ ಬಾವಿ ನೋಡಿದ್ದೀರಾ? ಬಹಮನಿಗಳ ಕಾಲದ್ದು. ಮಳೆನೀರು ಈ ತೂತಿನ ಕಲ್ಲಿನಲ್ಲಿ ಇಳಿದು ಕೆಳಗಿನ ಗಟ್ಟಿ ಕರಿಕಲ್ಲು ಬಂದ ಕೂಡಲೇ ನಿಲ್ಲುತ್ತದೆ. ತೋಡಿದವರು ಸರಿಯಾಗಿ ಆ ನೀರಿಗೇ ದಾರಿ ಮಾಡಿದ್ದಾರೆ. ಆ ದಿನ್ನೆ ಇಳಿದು ಭಾಲ್ಕಿ ಕಡೆ ಹೋಗಿ, ಮತ್ತೆ ಕಪ್ಪು ಮಣ್ಣು ಶುರು.

ಇನ್ನೊಂದು ತಮಾಷೆ ಇದೆ. ಶಹಾಬಾದ್ ಫರಸಿ ಸುಣ್ಣದ ಕಲ್ಲು, ಕರಿಕಲ್ಲಿಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೂ ಅಲ್ಲಿನ ಹೊಲಗಳಲ್ಲೂ ಕಪ್ಪು ಮಣ್ಣಿದೆ. 1883ರಲ್ಲಿ ರಷ್ಯಾದ ಮಣ್ಣು ವಿಜ್ಞಾನಿ ದೊಕುಚಾಯೆವ್ ತಮ್ಮ ದೇಶದ ಕಪ್ಪು ಮಣ್ಣು ನೋಡಿ ಹೇಳಿದ್ದೂ ಇದನ್ನೇ: ಕಲ್ಲೊಂದೇ ಲೆಕ್ಕವಲ್ಲ, ಹವೆ, ಗಿಡಗಂಟಿ, ಇಳಿಜಾರು, ಕಳೆದ ಕಾಲ ಎಲ್ಲವೂ ಸೇರಿ ಮಣ್ಣಾಗುತ್ತದೆ.

ಪ್ರಶ್ನೆ: ಎರೆಹೊಲಕ್ಕೆ ತಿಪ್ಪೆಗೊಬ್ಬರ ಬೇಕಿಲ್ಲ, ಕಪ್ಪು ಅಂದರೇನೇ ಸಾರ ಅಂತಾರೆ ಅಪ್ಪ. ನಿಜವಾ?
– ಕಾಲೇಜು ವಿದ್ಯಾರ್ಥಿ, ಜೇವರ್ಗಿ

ಉತ್ತರ: ಇಲ್ಲ ತಮ್ಮಾ. ಬಣ್ಣ ನೋಡಿ ಮೋಸ ಹೋಗಬೇಡ. ನನ್ನ ಕೈ ದಾಟಿದ ಎಷ್ಟೋ ಎರೆಮಣ್ಣಿನ ಚೀಟಿಗಳಲ್ಲಿ ಸಾವಯವ ಇಂಗಾಲ ನೂರು ಪಾಲಿಗೆ ಬರೀ ಅರ್ಧ ಪಾಲಿನ ಆಸುಪಾಸು ಇರುತ್ತಿತ್ತು. ಇರುವ ಚೂರೇ ಜಿಗುಟಿಗೆ ಅಂಟಿಕೊಂಡು ಅಷ್ಟು ಕಪ್ಪಾಗಿ ಕಾಣುತ್ತದೆ. ಸಾರಜನಕವೂ ಕಮ್ಮಿಯೇ.

ಎರೆಯ ಹೆಚ್ಚುಗಾರಿಕೆ ಬೇರೆ. ಅದು ನೀರು ಹಿಡಿದಿಡುತ್ತದೆ. ಹಿಂಗಾರಿ ಜೋಳ ಬಿತ್ತಿದ ಮೇಲೆ ಮಳೆ ಹೆಚ್ಚು ಬರದಿದ್ದರೂ ಒಳಗಿನ ತೇವದಲ್ಲೇ ತೆನೆ ಕಟ್ಟುತ್ತದಲ್ಲ, ಅದು. ಬೇಸಿಗೆಯಲ್ಲಿ ಅದೇ ಮಣ್ಣು ಒಣಗಿ ಬಿರಿಯುತ್ತದೆ. ಹೋದ ಮೇ ತಿಂಗಳು ನಮ್ಮ ಹೊಲದ ಬಿರುಕಿಗೆ ಛತ್ರಿ ಇಳಿಸಿದೆ, ಹಿಡಿಕೆ ಮಾತ್ರ ಮೇಲೆ ಉಳಿಯಿತು. ಮೇಲಿನ ಮಣ್ಣು ಆ ಬಿರುಕಿಗೆ ಉದುರುತ್ತದೆ. ಮಳೆಗೆ ಎಲ್ಲ ಉಬ್ಬಿ ಕೆಳಗಿನದು ಮೇಲಕ್ಕೆ ಒತ್ತಿಕೊಳ್ಳುತ್ತದೆ. ನೇಗಿಲು ಹಾಕದಿದ್ದರೂ ಎರೆ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ ಅಂತ ಹಿರಿಯರು ಹೇಳುವುದು ಸುಮ್ನೆ ಅಲ್ಲ. ಅಪ್ಪನ ಹತ್ತಿರ ಜಗಳ ಬೇಡ. ಒಂದು ಎಕರೆಗೆ ತಿಪ್ಪೆಗೊಬ್ಬರ ಹಾಕಿ, ಪಕ್ಕದ ಎಕರೆ ಹಾಗೇ ಬಿಟ್ಟು ತೋರಿಸು.

ಪ್ರಶ್ನೆ: ನಮ್ಮದು ಕೆಂಪು ಮಸಾರಿ ಹೊಲ. ಕೆರೆಯ ಹೂಳು ಹೊಡೆಸಬಹುದಾ?
– ರೈತರು, ಶಹಾಪುರ

ಉತ್ತರ: ಹೊಡೆಸಿ. ನಿಮ್ಮ ಕಡೆ ಮಣ್ಣು ಹುಟ್ಟಿದ್ದು ಗ್ರಾನೈಟ್‌ನಿಂದ. ಮಲಗಿದ ಬುದ್ಧನ ಬೆಟ್ಟದ ಕಲ್ಲಲ್ಲಿ ಗಾಜಿನಂಥ ಚುಕ್ಕಿ ಕಾಣುತ್ತವಲ್ಲ, ಅದು ಸುಲಭಕ್ಕೆ ಕರಗುವುದಿಲ್ಲ, ಮರಳಾಗಿ ಹೊಲದಲ್ಲೇ ಉಳಿಯುತ್ತದೆ. ಅದಕ್ಕೇ ನೀರು ನಿಲ್ಲುವುದಿಲ್ಲ. ಇಳಿಜಾರಿನಲ್ಲಿ ಹರಿದುಹೋದ ಸಣ್ಣ ಮಣ್ಣು ಕೆರೆಯಲ್ಲಿ ಕೂತಿದೆ. ನಿಮ್ಮದನ್ನೇ ನೀವು ವಾಪಸ್ ತರುತ್ತಿದ್ದೀರಿ, ಅಷ್ಟೇ.

ಮೊದಲು ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಪಾಲು ಹೊಲದ ಮಣ್ಣು ಹಾಕಿ, ನೀರು ತುಂಬಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷಕ್ಕೆ ಕೂರುತ್ತದೆ. ಜಿಗುಟು ಮರುದಿನವೂ ನೀರನ್ನು ರಾಡಿಯಾಗಿಯೇ ಇಟ್ಟಿರುತ್ತದೆ. ಹೂಳಿನದೂ ಹಾಗೇ ಮಾಡಿ ಪಕ್ಕದಲ್ಲಿಡಿ, ಎಷ್ಟು ಬೇಕು ಅಂತ ಅಂದಾಜು ಸಿಗುತ್ತದೆ. ಕಾಲುವೆ ನೀರು ಬಸಿದು ಸವಳು ಹಿಡಿದ ಕಡೆಯ ಹೂಳು ಮಾತ್ರ ಬೇಡ.

ಪ್ರಶ್ನೆ: ಕಲಬುರಗಿಯಲ್ಲಿ ಎರೆ ನೆಲದ ಪ್ಲಾಟ್ ತಗೊಂಡಿದ್ದೇವೆ. ಮನೆ ಕಟ್ಟಿದರೆ ಗೋಡೆ ಬಿರಿಯುತ್ತದೆ ಅಂತ ಹೆದರಿಸುತ್ತಾರೆ.
– ಶಿಕ್ಷಕಿ, ಕಲಬುರಗಿ

ಉತ್ತರ: ಹೆದರಿಸುವವರು ಸರಿ ಹೇಳುತ್ತಿದ್ದಾರೆ, ಮೇಡಂ. ಎರೆ ತೆಗೆದು ಗಟ್ಟಿ ಮುರುಮು ಸಿಗುವವರೆಗೆ ಪಾಯ ಇಳಿಸಿ. ಅಷ್ಟು ಆಳಕ್ಕೆ ಹೋಗಲು ಆಗದಿದ್ದರೆ ಒಳ್ಳೆ ಎಂಜಿನಿಯರ್‌ಗೆ ತೋರಿಸದೆ ಒಂದು ಕಲ್ಲೂ ಇಡಬೇಡಿ. ಗೋಡೆ ಬುಡದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ, ದೊಡ್ಡ ಗಿಡ ಹತ್ತಿರ ಬೇಡ.

ಮಣ್ಣಿನ ಬಗ್ಗೆ ಊರಿಗೆಲ್ಲ ಹೇಳುವ ನಾನು ನನ್ನ ಕಾಂಪೌಂಡಿಗೆ ಎರಡೇ ಅಡಿ ಪಾಯ ತೆಗೆಸಿದೆ. "ಎರಿ ತೆಗೆದು ಮುರುಮು ತುಂಬಸ್ರಿ ಸಾಹೇಬ್ರ" ಅಂತ ಗೌಂಡಿ ಎರಡು ಸಲ ಹೇಳಿದ್ದರು. ದುಡ್ಡು ಉಳಿಯಲಿ ಅಂತ ಬೇಡ ಅಂದೆ. ಈಗ ಪ್ರತಿ ಏಪ್ರಿಲ್‌ನಲ್ಲಿ ಗೇಟಿನ ಪಕ್ಕ ಗೋಡೆ ಬಾಯಿ ಬಿಡುತ್ತದೆ, ಐದು ರೂಪಾಯಿ ನಾಣ್ಯ ಅಡ್ಡಾಗಿ ಒಳಗೆ ಹೋಗುವಷ್ಟು. ಮಳೆಗಾಲಕ್ಕೆ ತಾನೇ ಮುಚ್ಚುತ್ತದೆ. ಆ ಗೌಂಡಿ ಈಗಲೂ ನಮ್ಮ ಓಣಿಯಲ್ಲಿ ಸೈಕಲ್ ಮೇಲೆ ಹೋಗುತ್ತಾರೆ. ಗೇಟಿನ ಹತ್ತಿರ ಬಂದಾಗ ಸ್ವಲ್ಪ ನಿಧಾನ ಮಾಡಿ ಗೋಡೆ ಕಡೆ ನೋಡುತ್ತಾರೆ. ಏನೂ ಅನ್ನುವುದಿಲ್ಲ.