ನಿಮ್ಮ ಮೈಕ್ರೋವೇವ್ ಲೇಖನ ಓದ್ದೆ, ಹಿಂಗೇ ಹಾಕಕ್ಕಾಗಲ್ಲ

ನಮಸ್ಕಾರ ಸಾರ್,

ಮೈಕ್ರೋವೇವ್ ಬಿಸಿ ಮಾಡ್ದೇ ಇದ್ರೆ ಮನೇಲೇ ಚೆಕ್ ಮಾಡೋದು ಹೆಂಗೆ ಅಂತ ಕಳ್ಸಿದ್ರಲ್ಲ, ಎರಡು ಸಲ ಓದ್ದೆ. ಬೇಜಾರು ಮಾಡ್ಕೋಬೇಡಿ, ಇದನ್ನ ಹಿಂಗೇ ಹಾಕಿದ್ರೆ ಯಾರದ್ದಾದ್ರೂ ಜೀವಕ್ಕೆ ಬರುತ್ತೆ.

ಮೂರನೇ ಪ್ಯಾರಾದಲ್ಲೇ ಕವರ್ ಬಿಚ್ಚಿಸಿ, ಕರೆಂಟನ್ನ ಒಂದೇ ಕಡೆಗೆ ಬಿಡೋ ಡಯೋಡ್‌ಗೆ ಮೀಟರ್ ಇಡ್ಸಿದೀರ, ಕೆಪಾಸಿಟರ್ (ಕರೆಂಟ್ ತುಂಬಿಟ್ಕೊಳ್ಳೋ ಭಾಗ) ಡಿಸ್ಚಾರ್ಜ್ ಮಾಡಿ, ಅಂದ್ರೆ ಅದರಲ್ಲಿರೋದನ್ನ ಖಾಲಿ ಮಾಡಿ, ಅನ್ನೋ ಮಾತು ಬರೋದು ಒಂಬತ್ತನೇ ಪ್ಯಾರಾದಲ್ಲಿ, ಅದೂ "ಅಂದಹಾಗೆ" ಅಂತ! ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಇಂಥದ್ದನ್ನ ಜನ ಪೂರ್ತಿ ಓದ್ಕೊಂಡು ಆಮೇಲೆ ಸ್ಕ್ರೂಡ್ರೈವರ್ ಹಿಡಿಯಲ್ಲ, ಪಕ್ಕದಲ್ಲಿ ಫೋನ್ ಇಟ್ಕೊಂಡು ಒಂದು ಸಾಲು ಓದೋದು ಒಂದು ಸ್ಕ್ರೂ ಬಿಚ್ಚೋದು, ನೀವು ಬರ್ದಿರೋ ಕ್ರಮದಲ್ಲೇ ಅವರ ಕೈ ಒಳಗೆ ಹೋಗೋದು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ 2000 ವೋಲ್ಟ್‌ಗಿಂತ ಜಾಸ್ತಿ ಉಳ್ಕೊಂಡಿರಬಹುದು. ಒಳಗಿರೋ ಬ್ಲೀಡರ್ ರೆಸಿಸ್ಟರ್ ತಾನೇ ಖಾಲಿ ಮಾಡುತ್ತೆ ಅಂದಿದೀರ, ಸರಿ, ಆ ರೆಸಿಸ್ಟರೇ ಹೋಗಿದ್ರೆ? ನೀವು ಬರೀತಿರೋದು ಕೆಟ್ಟ ಓವನ್ ಬಗ್ಗೆ ತಾನೇ.

ಡಯೋಡ್ ವಿಷ್ಯ ಅಂತೂ ತಪ್ಪೇ. ಮೀಟರ್‌ನ ಡಯೋಡ್ ಮೋಡ್‌ನಲ್ಲಿ ಎರಡೂ ಕಡೆ ಓಪನ್ (ಕರೆಂಟ್ ಹರೀತಿಲ್ಲ ಅಂತ) ತೋರಿಸಿದ್ರೆ ಡಯೋಡ್ ಹೋಗಿದೆ ಅಂತ ಬರ್ದಿದೀರ. ಹೈ ವೋಲ್ಟೇಜ್ ಡಯೋಡ್ ಒಳಗೆ ತುಂಬಾ ಜಂಕ್ಷನ್ ಸಾಲಾಗಿರುತ್ತೆ, ಸಾಮಾನ್ಯ ಮೀಟರ್ ಕೊಡೋ ಎರಡು ಮೂರು ವೋಲ್ಟ್‌ಗೆ ಅದು ಕರೆಂಟೇ ಬಿಡಲ್ಲ, ಚೆನ್ನಾಗಿರೋದೂ ಓಪನ್ ಅಂತಾನೇ ಕಾಣುತ್ತೆ. ಡಯೋಡ್‌ನ ಹೊರಗೆ ತೆಗ್ದು, 9 ವೋಲ್ಟ್ ಬ್ಯಾಟರಿ, ಮೀಟರ್ ಎರಡರ ಜೊತೆ ಒಂದರ ಹಿಂದೊಂದು ಸೀರೀಸ್‌ನಲ್ಲಿ ಹಾಕಿ, ಮೀಟರ್ ಡಿಸಿ ವೋಲ್ಟ್‌ನಲ್ಲಿಟ್ಟು ನೋಡ್ಬೇಕು: ಒಂದು ಕಡೆ ಒಂದಷ್ಟು ವೋಲ್ಟ್, ತಿರುಗಿಸಿದ್ರೆ ಸೊನ್ನೆ, ಅಂದ್ರೆ ಸರಿ ಇದೆ. ಎರಡೂ ಕಡೆ ಪೂರ್ತಿ 9 ಬಂದ್ರೆ ಶಾರ್ಟ್, ಅಂದ್ರೆ ಎರಡೂ ಕಡೆ ಕರೆಂಟ್ ಬಿಡ್ತಿದೆ, ಕೆಟ್ಟಿದೆ. ನಿಮ್ಮ ಮಾತು ಕೇಳಿ ಎಷ್ಟು ಒಳ್ಳೇ ಡಯೋಡ್ ಕಸಕ್ಕೆ ಹೋಗ್ತಿತ್ತೋ.

ಓವನ್ ಓಡ್ತಿರೋವಾಗ, ಮೈಕ್ರೋವೇವ್ ಅಲೆ ಹುಟ್ಟಿಸೋ ಮ್ಯಾಗ್ನೆಟ್ರಾನ್ ಹತ್ರ 4000 ವೋಲ್ಟ್ ಬರ್ತಿದೆಯಾ ಅಂತ ಅಳೆಯೋ ಭಾಗ ಇದ್ಯಲ್ಲ, ಅದನ್ನ ತೆಗೆದೇಬಿಡಿ, ಪಕ್ಕದಲ್ಲಿ "ಎಕ್ಸ್‌ಪರ್ಟ್‌ಗಳು ಮಾತ್ರ" ಅಂತ ಹಾಕಿದ್ರೂ ಬೇಡ. ಮಾಮೂಲಿ ಮೀಟರ್ 600, ಹೆಚ್ಚಂದ್ರೆ 1000 ವೋಲ್ಟ್‌ಗೆ ಮಾಡಿರೋದು. ಪವರ್ ತೆಗ್ದು, ಡಿಸ್ಚಾರ್ಜ್ ಮಾಡಿ, ವೈರ್ ಬಿಚ್ಚಿ ಓಮ್ಸ್‌ನಲ್ಲಿ ನೋಡಿದ್ರೆ ಸಾಕು: ಮ್ಯಾಗ್ನೆಟ್ರಾನ್‌ನ ಎರಡು ಟರ್ಮಿನಲ್ ಮಧ್ಯೆ 1 ಓಮ್‌ಗಿಂತ ಕಮ್ಮಿ, ಟರ್ಮಿನಲ್‌ನಿಂದ ಅದರ ಲೋಹದ ಬಾಡಿವರೆಗೆ ಓಪನ್ ಇರ್ಬೇಕು.

ಮೈಕ್ರೋವೇವ್ ಓವನ್ ಕಂಡುಹಿಡಿದ ಪರ್ಸಿ ಸ್ಪೆನ್ಸರ್ ಜೇಬಲ್ಲಿ ಚಾಕೊಲೇಟ್ ಕರಗಿದ 1945ರ ಕಥೆ ಎರಡು ಪ್ಯಾರಾ ಇದೆ, ಅದು ಎಲ್ರೂ ಬರ್ದಾಗಿದೆ, ಬಿಡಿ.

ಒಂದು ಪ್ಯಾರಾ ಮಾತ್ರ ನಂಗೆ ತುಂಬಾ ಇಷ್ಟ ಆಯ್ತು: ಲೈಟ್ ಉರಿಯುತ್ತೆ, ತಟ್ಟೆ ತಿರುಗುತ್ತೆ, ಬಿಸಿ ಇಲ್ಲ, ಆದ್ರೆ ಗುಂಯ್ ಅನ್ನೋ ಸದ್ದು ಮಾತ್ರ ಯಾವತ್ತಿಗಿಂತ ಜೋರು, ಆಗ ಡಯೋಡೋ ಕೆಪಾಸಿಟರೋ ಶಾರ್ಟ್ ಆಗಿರೋ ಅನುಮಾನ ಪಡಿ ಅಂತ. ಇದು ಕಿವಿ ಇಟ್ಟು ಕೆಲ್ಸ ಮಾಡಿದೋರು ಬರೆಯೋ ಮಾತು. ಅಲ್ಲಿಂದ ಶುರು ಮಾಡಿ, ಅದರ ಹಿಂದೆನೇ ಡಿಸ್ಚಾರ್ಜ್ ಬರ್ಲಿ, ಕೈಯಲ್ಲಿ ಏನು ಹಿಡೀಬೇಕು, ಯಾವ ತುದಿಯಿಂದ ಯಾವ ತುದಿಗೆ, ಎಲ್ಲಾ ಬಿಡಿಸಿ ಬರೀರಿ. ಬಾಗಿಲಿನ ಸ್ವಿಚ್‌ಗಳಿಗೆ ಒಂದೇ ಸಾಲು ಕೊಟ್ಟಿದೀರ, ಬಾಗಿಲು ತೆಗೆಯೋವಾಗ ಫ್ಯೂಸ್ ಹೋದ್ರೆ ಅಲ್ಲೇ ನೋಡ್ಬೇಕಲ್ವಾ, ಅದನ್ನೂ ಬೆಳೆಸಿ ಕಳ್ಸಿ, ಮತ್ತೆ ಓದ್ತೀನಿ.