ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಕಾರಿನ ಎಂಜಿನ್ನನ್ನು ರೀಬಿಲ್ಡ್‌ಗೆ (ಪೂರ್ತಿ ಬಿಚ್ಚಿ ಸರಿಪಡಿಸಿ ಮರುಜೋಡಿಸಲು) ಕೊಟ್ಟು ಐದು ತಿಂಗಳಾದರೂ ಕಾರು ಕೈಸೇರಿಲ್ಲ. ಇಷ್ಟು ವಿಳಂಬ ಸಹಜವೇ?

ಸಹಜವೇ. ಆದರೆ ಆ ಐದು ತಿಂಗಳಲ್ಲಿ ಮೆಕ್ಯಾನಿಕ್ ನಿಮ್ಮ ಎಂಜಿನ್ನಿಗೆ ಕೈಹಚ್ಚಿದ ದಿನಗಳು ಕೆಲವೇ ಇರುತ್ತವೆ. ಉಳಿದದ್ದೆಲ್ಲ ಒಂದು ಭಾಗ ಮತ್ತೊಂದಕ್ಕಾಗಿ ಕಾಯುವ ಕಾಲ.

1989ರಲ್ಲಿ ಬಂದ ಆರ್32 ಮಾದರಿಯ ಜಿಟಿ-ಆರ್‌ನಲ್ಲಿರುವ, ಆರು ಸಿಲಿಂಡರುಗಳ ಆರ್‌ಬಿ26 ಎಂಜಿನ್ನಿನ ಸಿಲಿಂಡರ್ ವ್ಯಾಸ 86 ಮಿ.ಮೀ. ಸವೆದ ಬೋರನ್ನು (ಸಿಲಿಂಡರಿನ ಒಳರಂಧ್ರವನ್ನು) 86.5 ಅಥವಾ 87 ಮಿ.ಮೀ.ಗೆ ಹಿಗ್ಗಿಸುವುದು ರೂಢಿಯಾದರೂ, ಹೊಸ ಫೋರ್ಜ್ಡ್ (ಭಾರೀ ಒತ್ತಡದಲ್ಲಿ ರೂಪಿಸಿದ ಗಟ್ಟಿ) ಪಿಸ್ಟನ್‌ಗಳು ಕೈಗೆ ಬಂದು ಆರನ್ನೂ ಮೈಕ್ರೋಮೀಟರಿನಲ್ಲಿ ಅಳೆಯುವ ತನಕ ಬಲ್ಲ ಕೆಲಸಗಾರನು ಅಂತಿಮ ಹೋನಿಂಗ್ (ಬೋರಿನ ಗೋಡೆಯನ್ನು ಉಜ್ಜಿ ನಿಖರ ಅಳತೆಗೆ ತರುವುದು) ಮಾಡುವುದಿಲ್ಲ; ಪಿಸ್ಟನ್ನಿಗೂ ಗೋಡೆಗೂ ನಡುವೆ ಬಿಡಬೇಕಾದ ಎಡೆ ತಲೆಗೂದಲಿನ ದಪ್ಪದ ಲೆಕ್ಕದ್ದು. ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಬಿಗಿದಾಗ ಬೋರ್ ತುಸು ಸೊಟ್ಟಗಾಗುವುದರಿಂದ, ದಪ್ಪ ಲೋಹದ ಫಲಕವೊಂದನ್ನು ಅದೇ ಬಿಗಿತದಲ್ಲಿ ಬೋಲ್ಟ್ ಹಾಕಿ ಕೂರಿಸಿಯೇ ಹೋನ್ ಮಾಡುತ್ತಾರೆ. ಆ ಫಲಕ ಎಲ್ಲ ವರ್ಕ್‌ಶಾಪುಗಳಲ್ಲಿ ಇರುವುದಿಲ್ಲ.

ಇನ್ನು ಕ್ರ್ಯಾಂಕ್, ಅಂದರೆ ಪಿಸ್ಟನ್ನುಗಳ ಚಲನೆಯಿಂದ ತಿರುಗುವ ದಂಡ. ಮೊದಮೊದಲ ಆರ್32ಗಳಲ್ಲಿ ಆಯಿಲ್ ಪಂಪನ್ನು ತಿರುಗಿಸುವ ಕ್ರ್ಯಾಂಕಿನ ಚಪ್ಪಟೆ ಭಾಗ ಕಿರಿದು. ಇದರಿಂದ ಹೆಚ್ಚಿನ ಆರ್‌ಪಿಎಮ್‌ನಲ್ಲಿ (ಎಂಜಿನ್ ವೇಗವಾಗಿ ತಿರುಗುವಾಗ) ಪಂಪಿನ ಗೇರ್ ಒಡೆಯಬಹುದು; ಒಡೆದರೆ ಆಯಿಲ್ ಸಿಗದೆ ಇಡೀ ಎಂಜಿನ್ ಹೋದಂತೆಯೇ. ಆದ್ದರಿಂದ ಅಲ್ಲಿ ಅಗಲವಾದ ಕಾಲರ್ (ಬಳೆಯಂಥ ತುಂಡು) ಕೂರಿಸಿ, ಆಮೇಲೆ ಕ್ರ್ಯಾಂಕನ್ನು ಅದುರದಂತೆ ಬ್ಯಾಲೆನ್ಸ್ ಮಾಡಿಸಬೇಕು. ಇದನ್ನು ಬಿಟ್ಟು ಬೇಗ ಕೊಡುವವರಿಗಿಂತ ತಡಮಾಡುವವರೇ ಲೇಸು ಎಂಬುದು ನನ್ನ ಅಭಿಪ್ರಾಯ.

ಹೀಗಾಗಿ ‘ಯಾವಾಗ ಮುಗಿಯುತ್ತದೆ’ ಎಂದು ಕೇಳುವ ಬದಲು ಪಿಸ್ಟನ್ ಬಂದಿದೆಯೇ, ಬ್ಲಾಕ್ (ಸಿಲಿಂಡರುಗಳಿರುವ ಎಂಜಿನ್ನಿನ ಮುಖ್ಯ ಭಾಗ) ಈಗ ಯಾರ ಬಳಿಯಿದೆ, ಅಳತೆ ಬರೆದಿಟ್ಟ ಹಾಳೆಯನ್ನು ತೋರಿಸುವಿರಾ ಎಂದು ವಿಚಾರಿಸಿ. ಪಿಸ್ಟನ್ ಬಂದು ವಾರಗಳಾದರೂ ಹಾಳೆ ಖಾಲಿಯಿದ್ದರೆ, ನಿಮ್ಮ ಬ್ಲಾಕ್ ಯಾವುದೋ ಮೂಲೆಯಲ್ಲಿ ಧೂಳು ಹಿಡಿಯುತ್ತಿದೆ ಎಂದೇ ತಿಳಿಯಬೇಕು.